ಮೊದಲು ದನಿ, ಆಮೇಲೆ ಗೆರೆ

ಹದಿಹರೆಯದ ಹುಡುಗನೊಬ್ಬ ಮತ್ತು ಅವನ ಮನೆಯವರು. ಇಷ್ಟೇ ಜನರನ್ನು ಇಟ್ಟುಕೊಂಡ ಅನಿಮೇಶನ್ ಹಾಸ್ಯ ಧಾರಾವಾಹಿಯೊಂದು ಟಿವಿಗೆ ಬರಲಿದೆ ಎಂಬ ಸುದ್ದಿಯ ಬೆನ್ನಲ್ಲೇ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಪತ್ರಗಳು ಬಂದಿವೆ. ಕೆಲವರಿಗೆ ಅದು ಯಾವಾಗ ಬರುತ್ತದೆಂಬ ಕಾತರ. ಹೆಚ್ಚಿನವರಿಗೆ ನಮ್ಮ ಮಾತಿನಲ್ಲಿ, ನಮ್ಮ ಪಡಸಾಲಿಯಲ್ಲಿ ನಡೆಯುವ ಅಂಥದ್ದೊಂದನ್ನು ತಾವೇ ಮಾಡಬೇಕೆಂಬ ಹಂಬಲ.

ಪ್ರಶ್ನೆ: ಧಾರಾವಾಹಿ ಬರ್ತದ ಅಂತ ಹೇಳಿ ಎಷ್ಟೋ ತಿಂಗಳಾತು, ಇನ್ನೂ ಬಂದಿಲ್ಲ. ಮಗ ದಿನಾ ಕೇಳತಾನ. ಮನುಷ್ಯರು ನಟಿಸೋ ಧಾರಾವಾಹಿ ದಿನಕ್ಕೊಂದು ಕಂತು ಬರ್ತಾವು. ಇದಕ್ಯಾಕ ಇಷ್ಟು ತಡಾ?
— ಗೃಹಿಣಿ, ಗೋಕುಲ ರೋಡ್, ಹುಬ್ಬಳ್ಳಿ

ಉತ್ತರ: ಲೆಕ್ಕ ಹಾಕಿದರೆ ತಿಳಿಯುತ್ತದೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ನಮ್ಮ ದೇಶದ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್ (ಪರದೆಯ ಮೇಲೆ ಒಂದಾದ ಮೇಲೊಂದು ಮೂಡುವ ನಿಶ್ಚಲ ಬಿಂಬ). ಅಂದರೆ ಒಂದು ಕಂತಿಗೆ 33,000 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 16,500 ಚಿತ್ರ ಬೇಕು. ಕ್ಯಾಮೆರಾ ಇಟ್ಟು ನಟರನ್ನು ನಿಲ್ಲಿಸಿದರೆ ಒಂದು ದಿನದಲ್ಲಿ ಸಿಗುವುದು ಇಲ್ಲಿ ಒಂದೊಂದಾಗಿ ಕೈಯಿಂದಲೇ ಹುಟ್ಟಬೇಕು.

ಗೆರೆ ಎಳೆಯುವ ಮೊದಲಿನ ಕೆಲಸವೂ ಬಹಳ. ಸಂಭಾಷಣೆ ಬರೆದು, ಎಲ್ಲ ಕಲಾವಿದರೂ ಒಂದೇ ಮೇಜಿನ ಸುತ್ತ ಕುಳಿತು ಓದುತ್ತಾರೆ. ನಗು ಬಾರದ ಕಡೆ ತಿದ್ದಿ, ದನಿ ಮುದ್ರಿಸುತ್ತಾರೆ. ಆಮೇಲೆ ಸ್ಟೋರಿಬೋರ್ಡ್, ಅಂದರೆ ಕಥೆಯನ್ನು ದೃಶ್ಯ ದೃಶ್ಯವಾಗಿ ತೋರಿಸುವ ಕರಡು ಚಿತ್ರಗಳು. ಆ ಚಿತ್ರಗಳನ್ನು ದನಿಯ ಮೇಲೆ ಜೋಡಿಸಿದ ಕಚ್ಚಾ ಪ್ರತಿಗೆ ಅನಿಮ್ಯಾಟಿಕ್ ಎನ್ನುತ್ತಾರೆ. ಅದನ್ನು ನೋಡಿ ಮತ್ತೆ ತಿದ್ದುಪಡಿ, ಮತ್ತೆ ಮುದ್ರಣ. ಇಷ್ಟಾದ ಮೇಲೆ ಅನಿಮೇಶನ್, ಬಣ್ಣ, ತಪ್ಪಿದ್ದನ್ನು ಮತ್ತೆ ಮಾಡುವ ರೀಟೇಕ್, ಸಂಗೀತ, ಮಿಕ್ಸಿಂಗ್. ಅಮೆರಿಕದ ದೊಡ್ಡ ಸರಣಿಗಳಲ್ಲಿ ಒಂದು ಕಂತಿಗೆ ಒಂಬತ್ತು-ಹತ್ತು ತಿಂಗಳು ಹಿಡಿಯುವುದು ಸಾಮಾನ್ಯ. ಒಂದು ಕಂತು ಬಣ್ಣದಲ್ಲಿರುವಾಗ ಇನ್ನೊಂದು ಸ್ಟೋರಿಬೋರ್ಡಿನಲ್ಲಿ, ಮತ್ತೊಂದು ಬರವಣಿಗೆಯಲ್ಲಿ ಇರುತ್ತದೆ. ಹಾಗಾಗಿಯೇ ಅವರಿಗೆ ವಾರಕ್ಕೊಂದು ಕೊಡಲು ಸಾಧ್ಯ.

ಕೊನೆಯ ಹಂತದಲ್ಲೂ ತಡವಾಗಬಹುದು. ಅಮೆರಿಕದ ಅನಿಮೇಶನ್ ಹಾಸ್ಯ ಸರಣಿ 'ದಿ ಸಿಂಪ್ಸನ್ಸ್'ಗೆ ಆದದ್ದು ಅದೇ. ಮೊದಲನೆಯದಾಗಿ ಬರಬೇಕಿದ್ದ ಕಂತು ವಿದೇಶಿ ಸ್ಟುಡಿಯೋದಿಂದ ತಿರುಗಿ ಬಂದಾಗ ಎಷ್ಟು ಕೆಟ್ಟಿತ್ತೆಂದರೆ ಬಹುಪಾಲು ಮತ್ತೆ ಮಾಡಬೇಕಾಯಿತು. ಸರಣಿ 1989ರ ಡಿಸೆಂಬರ್ 17ರಂದು ಕ್ರಿಸ್‌ಮಸ್ ಕಂತಿನೊಂದಿಗೆ ಶುರುವಾಯಿತು. ಕೆಟ್ಟು ಬಂದಿದ್ದ ಆ ಕಂತು 1990ರ ಮೇ 13ರಂದು, ಮೊದಲ ವರ್ಷದ ಕೊನೆಯದಾಗಿ ಬಂತು. ಅರೆಬೆಂದದ್ದನ್ನು ಬಡಿಸದೆ ತಡೆದದ್ದು ಒಳ್ಳೆಯದೇ ಆಯಿತು. ನಿಮ್ಮ ಮಗನಿಗೂ ಇದನ್ನೇ ಹೇಳಿ.

ಪ್ರಶ್ನೆ: ನಾವು ಮೂವರು ಚಿತ್ರಕಲಾ ವಿದ್ಯಾರ್ಥಿಗಳು, ಇರುವುದು ಒಂದು ಲ್ಯಾಪ್‌ಟಾಪ್. ಧಾರವಾಡದ ಹಂಚಿನ ಮನೆಯೊಂದರ ಹುಡುಗ ಮತ್ತು ಅವನ ಮನೆಯವರ ಮೇಲೆ ಐದು ನಿಮಿಷದ ಕಂತು ಮಾಡಬೇಕು. ಎಲ್ಲಿಂದ ಶುರು ಮಾಡುವುದು?
— ವಿದ್ಯಾರ್ಥಿಗಳು, ಧಾರವಾಡ

ಉತ್ತರ: ಎರಡು ನಿಮಿಷದಿಂದ ಶುರು ಮಾಡಿ. ಐದು ನಿಮಿಷವೆಂದರೆ 7,500 ಫ್ರೇಮ್. ಒಂದು ಶಾಟಿಗೆ (ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ಕಾಣುವ ತುಣುಕು) ಸರಾಸರಿ 4 ಸೆಕೆಂಡು ಹಿಡಿದರೆ 75 ಶಾಟ್. ಹೊಸಬರು ಕಟ್-ಔಟ್ ವಿಧಾನದಲ್ಲಿ, ಅಂದರೆ ತಲೆ, ಕೈ, ಕಾಲುಗಳನ್ನು ಬೇರೆ ಬೇರೆ ತುಂಡಾಗಿ ಬಿಡಿಸಿ ಕೀಲು ಕೊಟ್ಟು ಆಡಿಸುವ ವಿಧಾನದಲ್ಲಿ, ದಿನಕ್ಕೆ 3-4 ಸೆಕೆಂಡಿಗಿಂತ ಹೆಚ್ಚು ಚೊಕ್ಕವಾಗಿ ಮಾಡುವುದು ಕಷ್ಟ. ಎರಡು ನಿಮಿಷಕ್ಕೇ ಒಬ್ಬರಿಗೆ ಒಂದು ತಿಂಗಳ ಮೇಲಾಗುತ್ತದೆ. ಮೂವರೂ ಒಂದೇ ಲ್ಯಾಪ್‌ಟಾಪಿಗೆ ಕಾಯಬಾರದು. ಒಬ್ಬರು ಕಾಗದದ ಮೇಲೆ ಸ್ಟೋರಿಬೋರ್ಡ್, ಒಬ್ಬರು ಹಿನ್ನೆಲೆ, ಒಬ್ಬರು ಕಂಪ್ಯೂಟರಿನಲ್ಲಿ ಅನಿಮೇಶನ್ ಹೀಗೆ ಹಂಚಿಕೊಳ್ಳಿ.

ಜಾಗ ಮೂರೇ ಇರಲಿ: ಪಡಸಾಲಿ, ಅಡಿಗಿಮನಿ, ಹೊರಗಿನ ಕಟ್ಟಿ. ಪಾತ್ರ ಐದರೊಳಗೆ. ಸಿಟ್ಕಾಂ, ಅಂದರೆ ಸನ್ನಿವೇಶ ಹಾಸ್ಯದ ಧಾರಾವಾಹಿ ಎನ್ನುವುದು ನಿಂತ ನೆಲದ ಕಲೆ. ಅದೇ ಮನೆ, ಅದೇ ಜನ, ಪ್ರತಿ ಕಂತಿಗೂ ಹೊಸ ತಾಪತ್ರಯ. ಹಿನ್ನೆಲೆ ಮತ್ತೆ ಮತ್ತೆ ಬಳಕೆಯಾಗುವುದರಿಂದ ಖರ್ಚೂ ಕಡಿಮೆ.

ಬರೆದದ್ದನ್ನು ಗಟ್ಟಿಯಾಗಿ ಓದಿ, ಸ್ಟಾಪ್‌ವಾಚ್ ಹಿಡಿದು ಅಳೆಯಿರಿ. ಪುಟದ ಲೆಕ್ಕ ನಂಬಬೇಡಿ, ಧಾರವಾಡದ ಮಾತಿನ ಓಟ ಪುಟಕ್ಕೆ ಸಿಗುವುದಿಲ್ಲ. ಆಮೇಲೆ ದನಿ ಮುದ್ರಿಸಿ, ಅನಿಮ್ಯಾಟಿಕ್ ಮಾಡಿ, ಕಥೆ ಗೊತ್ತಿಲ್ಲದ ನಾಲ್ಕು ಜನಕ್ಕೆ ತೋರಿಸಿ. ಅವರು ನಗದ ಜಾಗವನ್ನು ಆಗಲೇ ಕತ್ತರಿಸಿ. ಅನಿಮ್ಯಾಟಿಕ್ ಅಂತಿಮವಾಗುವ ಮೊದಲು ಒಂದು ಶಾಟಿಗೂ ಬಣ್ಣ ತುಂಬಬೇಡಿ. ಹೊಸಬರು ಎಡವುವುದು ಇಲ್ಲೇ: ಮೊದಲ ಹತ್ತು ಸೆಕೆಂಡನ್ನು ತಿಂಗಳುಗಟ್ಟಲೆ ಚಂದ ಮಾಡುತ್ತಾರೆ, ಕಥೆ ಬದಲಾಗಿ ಅದೇ ಹತ್ತು ಸೆಕೆಂಡು ಕಸದ ಬುಟ್ಟಿಗೆ ಹೋಗುತ್ತದೆ.

ಒಂದು ಶಾಟನ್ನು ಹತ್ತಿರದಿಂದ ನೋಡೋಣ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಮಗ ಮೊಬೈಲಿನಿಂದ ತಲೆ ಎತ್ತುತ್ತಿಲ್ಲ. ಸೆಕೆಂಡಿಗೆ ಸುಮಾರು ಎರಡು ಬಡಿತ ಎಂದರೆ ಒಂದು ಬಡಿತಕ್ಕೆ 12 ಫ್ರೇಮ್. ಕೈ ಮೇಲೇಳಲು 4, ಕೆಳಗಿಳಿಯಲು 2, ಹಿಟ್ಟಿನ ಮೇಲೆ ನಿಲ್ಲಲು 2, ರೊಟ್ಟಿಯನ್ನು ಸ್ವಲ್ಪ ತಿರುಗಿಸಲು 4. ಈ ನಾಲ್ಕು ಭಂಗಿಗಳೇ ಸುತ್ತು ಹೊಡೆಯುತ್ತಿದ್ದರೆ ಅವ್ವ ಎಷ್ಟು ಹೊತ್ತು ಬೇಕಾದರೂ ರೊಟ್ಟಿ ಬಡಿಯಬಲ್ಲಳು. 'ಪಟ್' ಎಂಬ ಸದ್ದು ಕೈ ಹಿಟ್ಟಿಗೆ ತಾಗುವ ಫ್ರೇಮಿನ ಮೇಲೆಯೇ ಬೀಳಬೇಕು. ಏಳುವುದಕ್ಕೂ ಇಳಿಯುವುದಕ್ಕೂ ಮೂರು-ಮೂರು ಫ್ರೇಮ್ ಸಮನಾಗಿ ಕೊಟ್ಟರೆ ಕೈಗೆ ಭಾರವೇ ಇರುವುದಿಲ್ಲ, ನೀರಿನಲ್ಲಿ ಆಡಿಸಿದಂತೆ ಕಾಣುತ್ತದೆ. ಇಳಿಯುವುದು ಬೇಗ, ಏಳುವುದು ನಿಧಾನ. ಜೋಳದ ರೊಟ್ಟಿ ಬಡಿಯುವವರ ಮುಂದೆ ಹತ್ತು ನಿಮಿಷ ಕುಳಿತರೆ ಇದು ಕಣ್ಣಿಗೇ ಸಿಗುತ್ತದೆ.

ಮಗ ಅಲುಗಾಡದೆ ಕೂತಿರುವುದೇ ಇಲ್ಲಿಯ ತಮಾಷೆ. ಅವನಿಗೆ ಹೆಬ್ಬೆರಳಿನ ಎರಡು ಚಿತ್ರ, ರೆಪ್ಪೆಯ ಮೂರು ಚಿತ್ರ ಸಾಕು. ಪೂರ್ತಿ ನಿಶ್ಚಲವಾಗಿ ಬಿಟ್ಟರೆ ಮಾತ್ರ ಸತ್ತ ಚಿತ್ರವಾಗುತ್ತದೆ, ಎರಡು-ಮೂರು ಸೆಕೆಂಡಿಗೊಮ್ಮೆ ರೆಪ್ಪೆ ಮಿಟುಕಿಸಿ.

ತಂತ್ರಾಂಶಕ್ಕೆ ದುಡ್ಡು ಸುರಿಯಬೇಕಿಲ್ಲ. ಬ್ಲೆಂಡರಿನ ಗ್ರೀಸ್ ಪೆನ್ಸಿಲ್, 2016ರಿಂದ ಮುಕ್ತವಾಗಿ ಸಿಗುತ್ತಿರುವ ಓಪನ್‌ಟೂನ್ಜ್, ಹಿನ್ನೆಲೆಗೆ ಕ್ರಿತಾ. ಮೂರೂ ಪುಕ್ಕಟೆ. ಒಂದನ್ನು ಆರಿಸಿಕೊಂಡರೆ ಕಂತು ಮುಗಿಯುವವರೆಗೆ ಬದಲಿಸಬೇಡಿ. ಕಡತಗಳಿಗೆ ದೃಶ್ಯ, ಶಾಟ್, ಆವೃತ್ತಿಯ ಸಂಖ್ಯೆ ಹಾಕಿ ಹೆಸರಿಡಿ. 'ಫೈನಲ್', 'ಹೊಸಾ ಫೈನಲ್' ಎಂದು ಇಟ್ಟವರು ಕೊನೆಗೆ ಹಳೆಯ ಶಾಟನ್ನೇ ಜೋಡಿಸಿ ಕೂಡುತ್ತಾರೆ. ವಾರಕ್ಕೊಮ್ಮೆಯಾದರೂ ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ ಬೇರೆ ಮನೆಯಲ್ಲಿಡಿ.

ಪ್ರಶ್ನೆ: ಶಾಲೆಯ ಮಕ್ಕಳಿಂದ ಸಣ್ಣ ಕಾರ್ಟೂನ್ ಮಾಡಿಸಿದೆ. ಬಾಯಿಯ ಆಕಾರಗಳನ್ನು ಇಂಗ್ಲಿಷ್ ಚಾರ್ಟ್ ನೋಡಿ ಬಿಡಿಸಿದೆವು. ಎಲ್ಲ ಸರಿಯಿದ್ದರೂ ಡಬ್ಬಿಂಗ್ ಸಿನಿಮಾ ನೋಡಿದಂತೆ ಕಾಣುತ್ತದೆ. ತಪ್ಪು ಎಲ್ಲಿದೆ?
— ಶಿಕ್ಷಕಿ, ಬೆಟಗೇರಿ

ಉತ್ತರ: ಚಾರ್ಟಿನಲ್ಲೇ ಇದೆ, ಮೇಡಂ. ಕನ್ನಡದ ಬಾಯಿಯ ಲೆಕ್ಕ ಬೇರೆ. ಒಳ್ಳೆಯ ಸುದ್ದಿಯೆಂದರೆ ನಮ್ಮ ವರ್ಣಮಾಲೆಯೇ ಉಚ್ಚಾರದ ಜಾಗದ ಪ್ರಕಾರ ಜೋಡಿಸಿದ್ದು, ಅದನ್ನೇ ಚಾರ್ಟ್ ಮಾಡಿಕೊಳ್ಳಬಹುದು.

ಎಂಟು ಆಕಾರ ಬಿಡಿಸಿ. ಪ, ಬ, ಭ, ಮಕ್ಕೆ ಮುಚ್ಚಿದ ತುಟಿ. ವಕ್ಕೆ ಕೆಳತುಟಿ ಮೇಲಿನ ಹಲ್ಲಿನ ಹತ್ತಿರ. ತ, ದ, ನ, ಲಕ್ಕೆ ಹಲ್ಲಿನ ಹಿಂದೆ ನಾಲಿಗೆಯ ತುದಿ ಕಾಣಬೇಕು. ಕ, ಗ, ಚ, ಜ, ಸ, ಟ, ಡ, ಣ, ಳ ಇವಕ್ಕೆಲ್ಲ ಒಂದೇ ಅರೆತೆರೆದ ಬಾಯಿ ಸಾಕು. ಟ, ಡ, ಳದಲ್ಲಿ ನಾಲಿಗೆ ಮೇಲಕ್ಕೆ ಮಡಚಿದರೂ ಹೊರಗಿನಿಂದ ಕಾಣುವುದಿಲ್ಲ. 'ಆ' ಸ್ವರಕ್ಕೆ ಉದ್ದಕ್ಕೆ ತೆರೆದ ಬಾಯಿ. ಇ, ಈ, ಎ, ಏಗೆ ಅಗಲಕ್ಕೆ ಎಳೆದ ಬಾಯಿ. ಒ, ಓಗೆ ದೊಡ್ಡ ಗುಂಡು, ಉ, ಊಗೆ ಸಣ್ಣ ಗುಂಡು.

ನಮ್ಮ ಕಡೆಯ ಮಾತಿಗೆ ಒಂಬತ್ತನೆಯದೊಂದು ಬೇಕೇ ಬೇಕು. ಬ್ಯಾಡ, ಹ್ಯಾಂಗ, ಮ್ಯಾಲ, ಬ್ಯಾಸರ, ವ್ಯಾಳ್ಯಾ. ಈ ದನಿ ಆ ಅಲ್ಲ, ಏ ಅಲ್ಲ. ದವಡೆ ಕೆಳಗಿಳಿದು ತುಟಿಯ ಮೂಲೆಗಳು ಅಗಲಕ್ಕೂ ಹೋಗುತ್ತವೆ. ಪುಸ್ತಕದ ಕನ್ನಡವನ್ನು ನೆಚ್ಚಿ ಬಿಡಿಸಿದ ಚಾರ್ಟಿನಲ್ಲಿ ಇದು ಇರುವುದಿಲ್ಲ. ಇದಿಲ್ಲದೆ ಗದಗಿನ ಅಜ್ಜಿ ಮಾತಾಡಿದರೆ ಬಾಯಿ ಬೇರೆ ಊರಿನದು, ದನಿ ಗದಗಿನದು ಆಗುತ್ತದೆ.

ಎರಡನೆಯ ತಪ್ಪು ಒತ್ತಕ್ಷರದಲ್ಲಿ. ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡು. ಒಂಟಿ ಪ ಅಥವಾ ಬಗೆ ತುಟಿ ಎರಡು ಫ್ರೇಮ್ ಮುಚ್ಚಿದರೆ ಸಾಕು. ಅಪ್ಪ, ಹಬ್ಬ, ತಮ್ಮ ಎನ್ನುವಾಗ ತುಟಿ ಅದರ ಎರಡರಷ್ಟು ಹೊತ್ತು ಮುಚ್ಚಿಯೇ ಇರುತ್ತದೆ, ನಾಲ್ಕು ಫ್ರೇಮ್ ಕೊಡಿ. ಅವ್ವ ಎನ್ನುವಾಗ ವ ಆಕಾರಕ್ಕೂ ಹಾಗೆಯೇ. 'ಹುಬ್ಬಳ್ಳಿ' ಎಂಬ ಹೆಸರನ್ನೇ ಕನ್ನಡಿ ಮುಂದೆ ನಿಧಾನವಾಗಿ ಹೇಳಿ ನೋಡಿ. ನಡುವೆ ತುಟಿ ಕಚ್ಚಿ ಹಿಡಿದಂತೆ ನಿಲ್ಲುತ್ತದೆ. ಆ ನಿಲುಗಡೆ ಚಿತ್ರದಲ್ಲಿ ಇಲ್ಲದಿದ್ದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ತಪ್ಪಿದೆ ಎನ್ನಿಸುತ್ತದೆ.

ಮಕ್ಕಳಿಗೆ ಈ ಸಾಲನ್ನು ಬಿಡಿಸಲು ಕೊಡಿ: "ಏ, ಬ್ಯಾಡಪಾ, ನಾ ಒಲ್ಲೆ." ಸುಮಾರು ಎರಡು ಸೆಕೆಂಡು, 50 ಫ್ರೇಮ್. ಏಗೆ 6. ಬ ಮುಚ್ಚಲು 2, 'ಯಾ'ದ ಒಂಬತ್ತನೆಯ ಆಕಾರಕ್ಕೆ 6, ಡಕ್ಕೆ 3. ಪ ಮುಚ್ಚಲು 2, ಆಗೆ 7. ಅರೆಬಾಯಿಯ ನಿಲುಗಡೆ 4. ನದ ನಾಲಿಗೆಗೆ 2, ಆಗೆ 3. ಒಗೆ 3, ಲ್ಲಕ್ಕೆ 4, ಕೊನೆಯ ಎಗೆ 8. ಮಾತುಗಾರರು ಬದಲಾದಂತೆ ಈ ಸಂಖ್ಯೆಗಳೂ ಬದಲಾಗುತ್ತವೆ, ಧ್ವನಿಯ ಅಲೆಯನ್ನು ಪರದೆಯ ಮೇಲೆ ನೋಡಿಯೇ ಎಣಿಸಬೇಕು.

ಇನ್ನೊಂದು ಮಾತು. ಬಾಯಿಯ ಆಕಾರ ದನಿಗಿಂತ ಒಂದು ಫ್ರೇಮ್ ಮೊದಲು ಬರಲಿ. ನಾವೂ ಮಾತಾಡುವಾಗ ಮೊದಲು ತುಟಿ ಸಜ್ಜಾಗುತ್ತದೆ, ಆಮೇಲೆ ದನಿ ಹೊರಡುತ್ತದೆ. ಬಾಯಿ ದನಿಗಿಂತ ಹಿಂದೆ ಬಿದ್ದರೆ ಮಾತ್ರ ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ರೂಬಾರ್ಬ್ ಲಿಪ್ ಸಿಂಕ್ ಎಂಬ ಪುಕ್ಕಟೆ ತಂತ್ರಾಂಶ ದನಿಯನ್ನು ಕೇಳಿ ಬಾಯಿಯ ಸಮಯ ಗುರುತಿಸಿ ಕೊಡುತ್ತದೆ. ಅದರ ಮೂಲ ಸೆಟ್ಟಿಂಗ್ ಇಂಗ್ಲಿಷಿಗೆ ಮಾತ್ರ. ಕನ್ನಡಕ್ಕೆ 'ಫೊನೆಟಿಕ್' ಆಯ್ಕೆ ಹಾಕಬೇಕು. ಹಾಕಿದರೂ ಒತ್ತಕ್ಷರಗಳನ್ನು, ಆ ಒಂಬತ್ತನೆಯ ಆಕಾರವನ್ನು ಕೈಯಿಂದಲೇ ಸರಿಪಡಿಸಿ.

ಪ್ರಶ್ನೆ: ನಮ್ಮ ಕಾರ್ಟೂನಿನ ಹುಡುಗನಿಗೆ ನನ್ನ ತಮ್ಮ ದನಿ ಕೊಡುತ್ತಿದ್ದ. ಮೂರು ಕಂತು ಆಗುವುದರೊಳಗೆ ಅವನ ದನಿ ಒಡೆಯಿತು. ಈಗ ಏನು ಮಾಡುವುದು?
— ಓದುಗ, ಹಾವೇರಿ

ಉತ್ತರ: ತಮ್ಮನನ್ನು ನೋಯಿಸದೆ ಪಾತ್ರವನ್ನು ದೊಡ್ಡವರಿಗೆ ಕೊಡಿ. ಹುಡುಗರ ಪಾತ್ರಕ್ಕೆ ಹೆಂಗಸರು ದನಿ ಕೊಡುವುದು ಈ ಕಸುಬಿನಲ್ಲಿ ಹಳೆಯ ರೂಢಿ. ಸಿಂಪ್ಸನ್ಸ್‌ನ ಹತ್ತು ವರ್ಷದ ಬಾರ್ಟ್‌ಗೆ ಸರಣಿಗೂ ಮೊದಲಿನ ಕಿರುಚಿತ್ರಗಳ ಕಾಲದಿಂದ, ಅಂದರೆ 1987ರಿಂದ, ದನಿ ಕೊಡುತ್ತಿರುವವರು ನ್ಯಾನ್ಸಿ ಕಾರ್ಟ್‌ರೈಟ್. ಹೆಂಗಸಿನ ದನಿ ವರ್ಷ ಕಳೆದರೂ ಹುಡುಗನ ದನಿಯಷ್ಟು ಬದಲಾಗುವುದಿಲ್ಲ. ನಿಮ್ಮ ಹುಡುಗ 15-16ರವನಾದರೆ 20-25 ವರ್ಷದ, ತೆಳು ದನಿಯ ಗಂಡುಮಗನೂ ಆಗಬಹುದು. ಯಾರನ್ನೇ ಆರಿಸಿದರೂ ಪಾತ್ರದ ಐದಾರು ಸಾಲುಗಳನ್ನು (ಸಿಟ್ಟು, ಅಳು, ಪಿಸುಮಾತು, ಅವ್ವನನ್ನು ಕೂಗುವುದು) ಮಾದರಿಯಾಗಿ ಮುದ್ರಿಸಿಟ್ಟು, ಪ್ರತಿ ಸಲ ಮುದ್ರಣಕ್ಕೆ ಕೂಡುವ ಮೊದಲು ಕೇಳಿಸಿ. ಇಲ್ಲದಿದ್ದರೆ ಎರಡು ತಿಂಗಳಲ್ಲಿ ದನಿ ಅವರಿಗೇ ಗೊತ್ತಿಲ್ಲದೆ ಸರಿದಿರುತ್ತದೆ.

ಕಥೆಗಾರರಾಗಿ ಇನ್ನೊಂದು ದಾರಿಯೂ ಇದೆ. ದನಿ ಒಡೆದದ್ದನ್ನೇ ಒಂದು ಕಂತು ಮಾಡಿ. ಹದಿಹರೆಯದ ಮನೆಯಲ್ಲಿ ಅದಕ್ಕಿಂತ ನಿಜವಾದ ಘಟನೆ ಯಾವುದಿದೆ?

14 ವರ್ಷದೊಳಗಿನ ಮಕ್ಕಳನ್ನು ವ್ಯಾಪಾರಿ ಕೆಲಸಕ್ಕೆ ಬಳಸಿದರೆ ಕಾನೂನು ಇದೆ ಎಂಬುದನ್ನು ಮರೆಯಬೇಡಿ. ದಿನಕ್ಕೆ 5 ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮಗುವಿನ ಗಳಿಕೆಯ ಕನಿಷ್ಠ ಶೇ. 20ರಷ್ಟನ್ನು ಅದರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಪ್ರಶ್ನೆ: ಮನೆಯಲ್ಲೇ ದನಿ ಮುದ್ರಿಸಿದರೆ ಖಾಲಿ ಕೊಡದಲ್ಲಿ ಮಾತಾಡಿದಂತೆ ಕೇಳುತ್ತದೆ. ಸ್ಟುಡಿಯೋ ಬಾಡಿಗೆ ಕೊಡುವ ಶಕ್ತಿ ಇಲ್ಲ.
— ಓದುಗಳು, ನವನಗರ, ಹುಬ್ಬಳ್ಳಿ

ಉತ್ತರ: ಬರಿಗೋಡೆ, ಗ್ರಾನೈಟ್ ನೆಲ, ಆರ್‌ಸಿಸಿ ಛತ್ತು ಇದ್ದ ಕೋಣೆಯಲ್ಲಿ ದನಿ ಪುಟಿದು ಪುಟಿದು ಮೈಕಿಗೆ ಮರಳುತ್ತದೆ. ಕೊಡದ ಸದ್ದು ಅದೇ. ಮದ್ದು ನಿಮ್ಮ ಮನೆಯಲ್ಲೇ ಇದೆ: ಕೌದಿ. ಹಳೇ ಸೀರೆ, ಧೋತರಗಳನ್ನು ಪದರ ಪದರ ಹೊಲಿದ ಕೌದಿಯಷ್ಟು ಚಂದ ದನಿ ಹೀರುವ ವಸ್ತು ಅಗ್ಗದಲ್ಲಿ ಬೇರೆ ಸಿಗದು. ಮಾತಾಡುವವರ ಬೆನ್ನ ಹಿಂದೆ ಒಂದು, ಎಡಕ್ಕೊಂದು, ಬಲಕ್ಕೊಂದು, ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಹಗ್ಗಕ್ಕೆ ತೂಗುಹಾಕಿ. ಕಾಲ ಕೆಳಗೆ ಜಮಖಾನ. ಮೈಕು ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ತುಸು ಓರೆ. ಎದುರಿಗೇ ಇಟ್ಟರೆ ಪ, ಬ ಅಕ್ಷರದ ಗಾಳಿ ಮೈಕಿಗೆ ಹೊಡೆದು ಢಬ್ಬೆನ್ನುತ್ತದೆ.

ಫ್ಯಾನು, ಫ್ರಿಜ್ಜು ಎರಡೂ ಬಂದ್ ಆಗಲಿ. ಮೊಬೈಲಿನಲ್ಲೇ ಮುದ್ರಿಸುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ. ಕಡತ ವೇವ್ ಆಗಿರಲಿ, 48 ಕಿಲೋಹರ್ಟ್ಸ್, 24 ಬಿಟ್. ಎಂಪಿ3 ಬೇಡ. ಮೀಟರಿನಲ್ಲಿ ಜೋರು ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿಪಡಿಸಲಾಗದು. ಜಗಳದ ದೃಶ್ಯದಲ್ಲಿ ಒಂದು ಸಲ ಇಬ್ಬರನ್ನೂ ಕೂಡಿಸಿ ಮುದ್ರಿಸಿ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಮುದ್ರಿಸಿ. ಮೊದಲಿನದರಲ್ಲಿ ಕಾವು ಸಿಗುತ್ತದೆ, ಎರಡನೆಯದರಲ್ಲಿ ಕತ್ತರಿಸಲು ಬರುವ ಚೊಕ್ಕ ದನಿ ಸಿಗುತ್ತದೆ. ಕೊನೆಗೆ ಯಾರೂ ಮಾತಾಡದೆ 30 ಸೆಕೆಂಡು ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಿ. ಮಾತಿನ ನಡುವಿನ ಖಾಲಿ ಜಾಗಕ್ಕೆ ಅದನ್ನು ತುಂಬದಿದ್ದರೆ ಪ್ರತಿ ಸಾಲಿನ ಆಚೀಚೆ ದನಿ ಕಡಿದು ಬಿದ್ದಂತೆ ಕೇಳುತ್ತದೆ.

ಕತ್ತರಿಸುವಾಗ ಒಂದು ಎಚ್ಚರ. ನಮ್ಮ ಕಡೆ "ಬರ್ರೀ", "ಹೌದ್ರೀ" ಎನ್ನುವಾಗ ಕೊನೆಯ 'ರೀ' ಎಳೆದು ತೆಳುವಾಗಿ ಮುಗಿಯುತ್ತದೆ. ಅದರ ಬಾಲ ಕತ್ತರಿಸಿದರೆ ಮರ್ಯಾದೆಯ ಮಾತು ಗದರಿಕೆಯಾಗುತ್ತದೆ.

ಪ್ರಶ್ನೆ: ಹುಡುಗ ಪಡಸಾಲಿಯಿಂದ ಅಡಿಗಿಮನಿಗೆ ಹೋದರೆ ಬಾಗಿಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ನಡೆಯುವಾಗ ಕಾಲು ಜಾರಿದಂತೆಯೂ ಕಾಣುತ್ತದೆ.
— ಓದುಗ, ಧಾರವಾಡ

ಉತ್ತರ: ಮೊದಲನೆಯದಕ್ಕೆ ಮನೆಯ ನಕಾಶೆ ಬರೆಯಿರಿ. ಮೇಲಿನಿಂದ ಕಂಡಂತೆ, ಅಳತೆಯ ಸಹಿತ: ತಲಬಾಗಿಲು, ಕಟ್ಟಿ, ಪಡಸಾಲಿ, ದೇವರ ಮನಿ, ಒಲೆ, ಹಿತ್ತಲ ಬಾಗಿಲು. ಬೆಳಿಗ್ಗೆ ಯಾವ ಕಿಟಕಿಯಿಂದ ಬಿಸಿಲು ಬರುತ್ತದೆ ಎಂಬುದನ್ನೂ ಗುರುತಿಸಿ. ಪ್ರತಿ ಶಾಟಿಗೂ ಕ್ಯಾಮೆರಾ ಎಲ್ಲಿದೆ ಎಂದು ನಕಾಶೆಯ ಮೇಲೆ ಚುಕ್ಕೆ ಇಡಿ. ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಎಳೆದು, ಆ ದೃಶ್ಯ ಮುಗಿಯುವವರೆಗೆ ಎಲ್ಲ ಚುಕ್ಕೆಗಳೂ ಗೆರೆಯ ಒಂದೇ ಬದಿಗೆ ಇರುವಂತೆ ನೋಡಿಕೊಳ್ಳಿ. ಆಚೆ ದಾಟಿದರೆ ಅವ್ವ-ಮಗ ಜಾಗ ಅದಲುಬದಲು ಮಾಡಿಕೊಂಡಂತೆ ಕಾಣುತ್ತದೆ.

ಕಾಲು ಜಾರುವುದು ಬರೀ ಲೆಕ್ಕದ ತಪ್ಪು. ನಡಿಗೆಯ ಒಂದು ಸುತ್ತಿನಲ್ಲಿ ಎರಡು ಹೆಜ್ಜೆ. ಸುತ್ತು 24 ಫ್ರೇಮಿನದು, ಎರಡು ಹೆಜ್ಜೆಯ ದೂರ 600 ಪಿಕ್ಸೆಲ್ ಎಂದುಕೊಳ್ಳಿ. ಹಿನ್ನೆಲೆ ಪ್ರತಿ ಫ್ರೇಮಿಗೆ 25 ಪಿಕ್ಸೆಲ್ ಹಿಂದಕ್ಕೆ ಸರಿಯಬೇಕು. 20 ಸರಿಸಿದರೂ 30 ಸರಿಸಿದರೂ ಕಾಲು ಜಾರುತ್ತದೆ. ನಡಿಗೆಯ ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದ್ದರೆ ಹಿನ್ನೆಲೆಯನ್ನೂ ಎರಡು ಫ್ರೇಮಿಗೊಮ್ಮೆ 50 ಪಿಕ್ಸೆಲ್ ಸರಿಸಿ, ಇಲ್ಲದಿದ್ದರೆ ಕಾಲು ನಡುಗುತ್ತದೆ. ಉದ್ದನೆಯ ನಡಿಗೆಗೆ ಎಡ-ಬಲ ಅಂಚು ಒಂದಕ್ಕೊಂದು ಕೂಡುವ ಹಿನ್ನೆಲೆ ಬಿಡಿಸಿಕೊಳ್ಳಿ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಮೂರು ಕಂಬದಷ್ಟು ಬಿಡಿಸಿ ಸುತ್ತಿಸಿದರೆ ಸಾಕು. ಕಂಬಗಳ ನಡುವೆ ಗುರುತು ಹತ್ತುವ ವಸ್ತು, ಉದಾಹರಣೆಗೆ ಕೆಂಪು ಟ್ರಂಕು, ಇಡಬೇಡಿ. ಅದೇ ಟ್ರಂಕು ಮೂರನೆಯ ಸಲ ಬಂದಾಗ ಗುಟ್ಟು ಬಯಲಾಗುತ್ತದೆ.

ಪ್ರಶ್ನೆ: ಸಂಭಾಷಣೆ ನಮ್ಮ ಆಡುಮಾತಿನಲ್ಲಿ ಇದ್ದರೆ ಬೆಂಗಳೂರು-ಮೈಸೂರಿನವರಿಗೆ ತಿಳಿದೀತೇ? ಮತ್ತು ಹುಡುಗ ಎಷ್ಟನೆಯ ಇಯತ್ತೆಯವನಿದ್ದರೆ ಒಳ್ಳೆಯದು?
— ಓದುಗ, ರಾಣೆಬೆನ್ನೂರು

ಉತ್ತರ: ತಿಳಿಯುತ್ತದೆ, ಧೈರ್ಯವಾಗಿ ಬರೆಯಿರಿ. ತಿಳಿಯದೆ ಹೋಗುವುದು ಆಡುಮಾತಿನಿಂದಲ್ಲ, ಕಲಬೆರಕೆಯಿಂದ. ಒಂದೇ ಪಾತ್ರ ಒಂದು ಸಾಲಿನಲ್ಲಿ "ಮಾಡಾಕತ್ತೀನಿ", ಮುಂದಿನ ಸಾಲಿನಲ್ಲಿ "ಮಾಡ್ತಾ ಇದೀನಿ" ಎಂದರೆ ಬರೆದವರಿಗೇ ಖಾತ್ರಿಯಿಲ್ಲ ಎಂದು ಗೊತ್ತಾಗುತ್ತದೆ. ಪಾತ್ರಕ್ಕೊಂದು ಹಾಳೆ ಮಾಡಿ. ಅಜ್ಜಿ "ಮಾಡಾಕತ್ತೀನಿ" ಎನ್ನುತ್ತಾಳೋ "ಮಾಡ್ಲಿಕ್ಕತ್ತೀನಿ" ಎನ್ನುತ್ತಾಳೋ, ಹುಡುಗ ಗೆಳೆಯನಿಗೆ "ಏನಲೇ ದೋಸ್ತ" ಎನ್ನುತ್ತಾನೋ, ಕಾಕಾನ ಎದುರು ಅವನ ಮಾತು ಹೇಗೆ ತಗ್ಗುತ್ತದೋ, ಎಲ್ಲ ಬರೆದಿಡಿ. ಹುಡುಗನ ಎರಡು ಮಾತು, ಗೆಳೆಯರ ಎದುರಿನದು ಮತ್ತು ಹಿರಿಯರ ಎದುರಿನದು, ಒಂದೇ ಕೋಣೆಯಲ್ಲಿ ಎದುರಾಗುವಾಗ ಹಾಸ್ಯ ತಾನಾಗಿ ಹುಟ್ಟುತ್ತದೆ. ಫೋನಿನಲ್ಲಿ ದೋಸ್ತನನ್ನು ಬೈಯುತ್ತಿರುವಾಗ ಕಾಕಾ ಒಳಗೆ ಬಂದರೆ ಸಾಕು.

ಇಯತ್ತೆಯ ವಿಷಯದಲ್ಲಿ ನಮ್ಮ ಸಲಹೆ ಗಟ್ಟಿಯಾದದ್ದು: ಎಸ್ಸೆಸ್ಸೆಲ್ಸಿ ಬೇಡ. ಆ ವರ್ಷಕ್ಕೆ ಪರೀಕ್ಷೆ, ಫಲಿತಾಂಶ ಎಂಬ ಕೊನೆಯಿದೆ. ಸಿಟ್ಕಾಂನಲ್ಲಿ ವಯಸ್ಸು ಏರುವುದಿಲ್ಲ, ಪ್ರತಿ ಕಂತಿನ ಕೊನೆಗೆ ಮನೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಎರಡು ವರ್ಷ ಓಡಿದರೂ ಹುಡುಗ ಪರೀಕ್ಷೆ ಬರೆಯದಿದ್ದರೆ ನೋಡುವವರು ಕೇಳಿಯೇ ಕೇಳುತ್ತಾರೆ. ಒಂಬತ್ತನೆಯ ಇಯತ್ತೆ ಅಥವಾ ಪಿಯುಸಿ ಮೊದಲ ವರ್ಷ ಒಳ್ಳೆಯದು. ಓದಿನ ಒತ್ತಡವೂ ಇದೆ, ಉಡಾಳತನಕ್ಕೆ ಪುರಸೊತ್ತೂ ಇದೆ.

ಪ್ರತಿ ಕಂತಿಗೆ ಎರಡು ಎಳೆ ಹಿಡಿಯಿರಿ. ದೊಡ್ಡದರಲ್ಲಿ ಹುಡುಗನಿಗೆ ಏನೋ ಬೇಕು, ಮನೆಗೆ ಬೇರೆಯೇ ಬೇಕು. ಅವನಿಗೆ ಗೆಳೆಯರ ಜೊತೆ ಉಣಕಲ್ ಕೆರೆಗೆ ಹೋಗಬೇಕು, ಮನೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿ ಅಟ್ಟಕ್ಕೇರಿಸಬೇಕು. ಸಣ್ಣ ಎಳೆ ಅಜ್ಜಿಯದೋ ತಂಗಿಯದೋ ಇರಲಿ. ಎರಡೂ ಎಳೆಗಳು ಕೊನೆಯಲ್ಲಿ ಒಂದೇ ಕೋಣೆಯಲ್ಲಿ ಢಿಕ್ಕಿ ಹೊಡೆಯಬೇಕು. ಮಳೆ ಬಂದು ಮೆಣಸಿನಕಾಯಿ ತೊಯ್ಯುವ ಹೊತ್ತಿಗೆ ಹುಡುಗ ಎಲ್ಲಿದ್ದ ಎಂಬುದು ತಂಗಿಗೆ ಮಾತ್ರ ಗೊತ್ತಿರಲಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಪೆನ್ ಟ್ಯಾಬ್ಲೆಟ್ ಇಲ್ಲದೆ ಅನಿಮೇಶನ್ ಆಗುವುದಿಲ್ಲವೇ?
— ವಿದ್ಯಾರ್ಥಿನಿ, ಗದಗ

ಉತ್ತರ: ಆಗುತ್ತದೆ. 70-80 ಜಿಎಸ್‌ಎಂ ಹಾಳೆಗೆ ಆಫೀಸಿನ ಪಂಚಿಂಗ್ ಮಶೀನಿನಿಂದ ಎರಡು ತೂತು ಹಾಕಿ, ಹಲಗೆಗೆ ಅದೇ ಅಳತೆಯ ಎರಡು ಗೂಟ ಬಡಿಯಿರಿ. ಗಾಜಿನ ಕೆಳಗೆ ಎಲ್‌ಇಡಿ ಬಲ್ಬು ಇಟ್ಟರೆ ಹಿಂದಿನ ಚಿತ್ರ ಮೇಲಿನ ಹಾಳೆಯಲ್ಲಿ ಕಾಣುತ್ತದೆ. ನಿಮ್ಮೂರು ಮುದ್ರಣಕ್ಕೆ ಹೆಸರಾದದ್ದು. ಮುದ್ರಣಾಲಯಗಳಲ್ಲಿ ಕತ್ತರಿಸಿ ಉಳಿದ ಹಾಳೆಗಳನ್ನು ಕೇಳಿ ನೋಡಿ. ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು ಫೋಟೋ ತೆಗೆಯುವಾಗ ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಚಿತ್ರ ಮಿಣಮಿಣ ಮಿನುಗುತ್ತದೆ.

ಪ್ರಶ್ನೆ: ನಮ್ಮ ಪಾತ್ರಗಳನ್ನು ಯಾರಾದರೂ ಕದ್ದರೆ? ಶರೀಫರ ಪದಗಳನ್ನು ಹಿನ್ನೆಲೆಗೆ ಬಳಸಬಹುದೇ?
— ಓದುಗ, ಶಿಗ್ಗಾಂವಿ

ಉತ್ತರ: "ಹದಿಹರೆಯದ ಹುಡುಗ ಮತ್ತು ಅವನ ಮನೆ" ಎಂಬ ವಿಚಾರಕ್ಕೆ, ಬರೀ ಹೆಸರಿಗೆ ಕಾಪಿರೈಟ್ ಸಿಗುವುದಿಲ್ಲ. ಬರೆದ ಸಂಭಾಷಣೆಗೆ, ಬಿಡಿಸಿದ ಪಾತ್ರಕ್ಕೆ ಬರೆದ ಕ್ಷಣದಿಂದಲೇ ಹಕ್ಕು ಇದೆ. ನೋಂದಣಿ ಕಡ್ಡಾಯವಲ್ಲ, ಆದರೆ ವ್ಯಾಜ್ಯ ಬಂದಾಗ ಪುರಾವೆಯಾಗುತ್ತದೆ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಚಲನಚಿತ್ರಕ್ಕೆ 5,000. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗಾಗಿ 30 ದಿನ ಕಾಯಬೇಕು. ಅದಕ್ಕಿಂತ ಮೊದಲು ಗೆಳೆಯರ ನಡುವೆಯೇ ಯಾರ ಪಾಲು ಎಷ್ಟು ಎಂದು ಒಂದು ಹಾಳೆಯ ಮೇಲೆ ಬರೆದು ಎಲ್ಲರೂ ಸಹಿ ಮಾಡಿ. ತಂಟೆ ಹೊರಗಿನವರಿಗಿಂತ ಒಳಗಿನವರಿಂದಲೇ ಬರುವುದು ಹೆಚ್ಚು.

ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಕರ್ತೃವಿನ ಮರಣದ ನಂತರ 60 ವರ್ಷಕ್ಕೆ ಹಕ್ಕು ಮುಗಿಯುವುದರಿಂದ ಅವರ ಪದಗಳು ಎಲ್ಲರವೂ ಹೌದು. ಆದರೆ ಕ್ಯಾಸೆಟ್ಟಿನಲ್ಲಿ, ಸಿನಿಮಾದಲ್ಲಿ ಕೇಳಿದ ಹೊಸಬರ ರಾಗಸಂಯೋಜನೆ ಬೇರೆಯವರ ಸೊತ್ತು, ಆ ಧ್ವನಿಮುದ್ರಣ ಇನ್ನೊಬ್ಬರದು. ನಿಮ್ಮೂರಿನ ಭಜನಾ ಮೇಳದವರಿಂದ ಹಳೆಯ ಧಾಟಿಯಲ್ಲಿ ಹಾಡಿಸಿ, ನೀವೇ ಮುದ್ರಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಹೆಸರುಗಳನ್ನು ಕಂತಿನ ಕೊನೆಗೆ ಹಾಕಿ.

ಪ್ರಶ್ನೆ: ಕಾರ್ಟೂನಿನ ಅಂಗಡಿಯ ಬೋರ್ಡಿನಲ್ಲಿ 'ಹುಬ್ಬಳ್ಳಿ' ಎಂದು ಟೈಪ್ ಮಾಡಿದರೆ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ. ಹಳೇ ಸ್ಕ್ರಿಪ್ಟ್ ತೆರೆದರೆ ಇಂಗ್ಲಿಷ್ ಚಿಹ್ನೆಗಳ ರಾಶಿ.
— ಡಿಟಿಪಿ ಕೆಲಸಗಾರ, ಹುಬ್ಬಳ್ಳಿ

ಉತ್ತರ: ಹಳೇ ಸ್ಕ್ರಿಪ್ಟ್ ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಲು ಬರುವ ಅಕ್ಷರ ಸಂಕೇತ) ಅಲ್ಲದ ನುಡಿ ಅಥವಾ ಬರಹ ಫಾಂಟಿನದು, ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ, ಅವು ತಪ್ಪುವುದು ಹೆಚ್ಚು. ಬೋರ್ಡಿನ ಅಕ್ಷರವನ್ನು ಅನಿಮೇಶನ್ ತಂತ್ರಾಂಶದಲ್ಲಿ ಟೈಪ್ ಮಾಡಬೇಡಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ಪಾತ್ (ಬರೀ ಗೆರೆಯ ಆಕಾರ) ಆಗಿ ಬದಲಿಸಿ, ಎಸ್‌ವಿಜಿ ಅಥವಾ ಪಿಎನ್‌ಜಿ ಚಿತ್ರ ಮಾಡಿ ತಂದರೆ ಒತ್ತು ಅಲುಗಾಡುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಬೋರ್ಡ್ ಬರೆಯುವ ಪೇಂಟರ್ ಒಬ್ಬರಿಂದ ಕುಂಚದಲ್ಲೇ ಬರೆಸಿ ಸ್ಕ್ಯಾನ್ ಮಾಡಿ. ದುರ್ಗದ ಬೈಲಿನ ಅಂಗಡಿ ದುರ್ಗದ ಬೈಲಿನಲ್ಲೇ ಇರುವಂತೆ ಕಾಣುತ್ತದೆ.